ಪೇಜ್‌ಸ್ಪೀಡ್ ಇನ್‌ಸೈಟ್ಸ್: ಅಂಕವನ್ನು ಬಿಟ್ಟು ಪಟ್ಟಿಯನ್ನು ಓದುವವರಿಗೆ ಒಳ್ಳೆಯ ಸಲಕರಣೆ

ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕಗಳೂ ಸಗಟು ಮಳಿಗೆಗಳೂ ಹೊರ ಊರಿನ ವ್ಯಾಪಾರಿಗಳಿಗೆ ಮಾಲು ತೋರಿಸಲೆಂದು ಮಾಡಿಸಿಕೊಳ್ಳುವ ಜಾಲತಾಣಗಳೇ ನನ್ನ ಕೆಲಸದ ಬಹುಪಾಲು. ಆ ಕೆಲಸದಲ್ಲಿ ಗೂಗಲ್‌ನ ಪೇಜ್‌ಸ್ಪೀಡ್ ಇನ್‌ಸೈಟ್ಸ್ ನನಗೆ ನಿತ್ಯದ ಸಲಕರಣೆಯಾಗಿದೆ. ಪುಟದ ವಿಳಾಸವನ್ನು ಕೊಟ್ಟರೆ ಅದರ ವೇಗವನ್ನು ಅಳೆದು, ಎಲ್ಲಿ ತಡವಾಗುತ್ತಿದೆ ಎಂಬುದನ್ನು ತಿಳಿಸುವ ಈ ಸೇವೆ ಉಚಿತವಾಗಿದ್ದು, ಬಳಸಲು ಖಾತೆಯೂ ಬೇಕಿಲ್ಲ. ವರದಿಯ ನಡುವೆ ದೊಡ್ಡದಾಗಿ ಕಾಣುವ ಅಂಕಕ್ಕಿಂತ ಅದರ ಕೆಳಗಿರುವ ದೋಷಗಳ ಪಟ್ಟಿಗೆ ಹೆಚ್ಚು ಬೆಲೆಯಿದೆ ಎಂಬುದು ನನ್ನ ಅಭಿಪ್ರಾಯ. ಆದರೆ ಕನ್ನಡ ಪುಟಗಳ ಒಂದು ದೋಷ ಆ ಪಟ್ಟಿಯ ಕಣ್ಣಿಗೂ ಬೀಳುವುದಿಲ್ಲ.

ವರದಿಯ ಮೇಲ್ಭಾಗದಲ್ಲಿ ಇರುವುದು ಮಾಹಿತಿ ಹಂಚಿಕೊಳ್ಳಲು ಒಪ್ಪಿದ ಕ್ರೋಮ್ ಬಳಕೆದಾರರ ಸಾಧನಗಳಿಂದ ಹಿಂದಿನ 28 ದಿನಗಳಲ್ಲಿ ಸಂಗ್ರಹವಾದ ನೈಜ ಅನುಭವದ ಲೆಕ್ಕ. ಪುಟದ ಅತಿ ದೊಡ್ಡ ಚಿತ್ರ ಅಥವಾ ಬರಹ 2.5 ಸೆಕೆಂಡಿನೊಳಗೆ ಮೂಡಬೇಕು, ಬೆರಳು ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಪ್ರತಿಕ್ರಿಯೆ ಬರಬೇಕು, ಪುಟದ ಭಾಗಗಳು ಜಾಗ ಬದಲಿಸುವ ಪ್ರಮಾಣ 0.1 ಅನ್ನು ಮೀರಬಾರದು. ಪ್ರತಿಯೊಂದು ಅಳತೆಯೂ ನೂರರಲ್ಲಿ 75 ಭೇಟಿಗಳಲ್ಲಾದರೂ ಈ ಮಿತಿಯೊಳಗಿರಬೇಕು. ಈ ಕೆಲಸದವರು ಇವುಗಳನ್ನು ಕ್ರಮವಾಗಿ ಎಲ್‌ಸಿಪಿ, ಐಎನ್‌ಪಿ, ಸಿಎಲ್‌ಎಸ್ ಎನ್ನುತ್ತಾರೆ. ಇವುಗಳಲ್ಲಿ ಐಎನ್‌ಪಿ ಬಂದದ್ದು 2024ರ ಮಾರ್ಚ್‌ನಲ್ಲಿ, ಮೊದಲ ಒತ್ತಿಗೆ ಆಗುವ ತಡವನ್ನಷ್ಟೇ ಅಳೆಯುತ್ತಿದ್ದ ಎಫ್‌ಐಡಿಯ ಬದಲಿಗೆ. ವರದಿಯ ಕೆಳಭಾಗದಲ್ಲಿರುವುದು ಲೈಟ್‌ಹೌಸ್ ಎಂಬ ತಂತ್ರಾಂಶವು ಗೂಗಲ್‌ನ ಯಂತ್ರದಲ್ಲಿ, ಸಾಧಾರಣ ಮೋಟೋ ಫೋನು ಮತ್ತು ನಿಧಾನದ 4ಜಿ ಸಂಪರ್ಕವನ್ನು ಅನುಕರಿಸಿ ನಡೆಸಿದ ಪರೀಕ್ಷೆಯ ಫಲ.

ಎಲ್ಲರೂ ಮಾತನಾಡುವ ಆ ಅಂಕ ಈ ಕೆಳಭಾಗದ್ದು. ಸ್ಕ್ರಿಪ್ಟ್‌ಗಳು, ಅಂದರೆ ಪುಟದೊಳಗೆ ಓಡುವ ಕೋಡು, ಪುಟವನ್ನು ತಡೆದು ನಿಲ್ಲಿಸುವ ಅವಧಿಗೆ ಅದರಲ್ಲಿ ಶೇಕಡಾ 30, ಎಲ್‌ಸಿಪಿ ಮತ್ತು ಸಿಎಲ್‌ಎಸ್‌ಗಳಿಗೆ ತಲಾ 25, ಮೊದಲ ಬರಹ ಅಥವಾ ಚಿತ್ರ ಮೂಡುವ ಸಮಯಕ್ಕೂ ಪುಟ ತುಂಬಿಕೊಳ್ಳುವ ವೇಗಕ್ಕೂ ತಲಾ 10ರ ಪಾಲಿದೆ. ಒಂದೇ ಪುಟವನ್ನು ಬೆನ್ನುಬೆನ್ನಿಗೆ ಪರೀಕ್ಷಿಸಿದರೂ ಅಂಕ ಏರಿಳಿಯುವುದು ಸಹಜವಾದ್ದರಿಂದ, ಐದು ಸಲ ಓಡಿಸಿ ನಡುವಿನ ಅಂಕವನ್ನು ಹಿಡಿಯುವುದು ಸರಿಯಾದ ಕ್ರಮ. ‘ನೂರಕ್ಕೆ ನೂರು ತಂದುಕೊಡುತ್ತೇವೆ’ ಎಂದು ಕೊಟೇಶನ್ನಿನಲ್ಲಿ ಬರೆದುಕೊಡುವವರನ್ನು ಕಂಡಾಗ ನನಗೆ ನಗು ಬರುತ್ತದೆ. ಅಂಗಡಿಯವರಿಗೆ ಬೇಕಿರುವುದು ಗಿರಾಕಿಯ ಫೋನಿನಲ್ಲಿ ಪ್ಯಾಂಟಿನ ಚಿತ್ರ ಬೇಗ ಕಾಣುವುದೇ ಹೊರತು ಒಳ್ಳೆಯ ಅಂಕದ ಸುತ್ತ ಬರುವ ಹಸಿರು ವೃತ್ತವಲ್ಲ.

ದೋಷಪಟ್ಟಿ ತನ್ನ ಬೆಲೆಯನ್ನು ತೋರಿಸುವುದು ಚಿತ್ರಗಳ ವಿಷಯದಲ್ಲಿ. ನಮ್ಮ ಕಡೆಯ ಕ್ಯಾಟಲಾಗ್ ಪುಟಗಳಲ್ಲಿ ಫೋನಿನಿಂದ ತೆಗೆದ, ನಾಲ್ಕು ಸಾವಿರ ಪಿಕ್ಸೆಲ್ ಅಗಲದ ಫೋಟೋಗಳನ್ನು ಹಾಗೆಯೇ ಏರಿಸಿ, ನಾನೂರು ಪಿಕ್ಸೆಲ್ ಜಾಗದಲ್ಲಿ ತೋರಿಸುವುದು ಸಾಮಾನ್ಯ. ಯಾವ ಚಿತ್ರದಿಂದ ಎಷ್ಟು ಕಿಲೋಬೈಟ್ ಉಳಿಸಬಹುದು ಎಂಬುದನ್ನು ವರದಿ ಕಡತದ ಹೆಸರಿನ ಸಮೇತ ಹೇಳುತ್ತದೆ. ಚಿತ್ರವನ್ನು ವೆಬ್‌ಪಿ ಅಥವಾ ಎವಿಐಎಫ್ ಎಂಬ ಹಗುರವಾದ ಕಡತದ ರೂಪಕ್ಕೆ ತಂದು, ‘ಸೋರ್ಸ್‌ಸೆಟ್’ ಮೂಲಕ ಪರದೆಗೆ ತಕ್ಕ ಅಳತೆಯನ್ನು ಕೊಟ್ಟು, ‘ವಿಡ್ತ್’ ಮತ್ತು ‘ಹೈಟ್’ ಗುಣಗಳನ್ನು ಇಮೇಜ್ ಟ್ಯಾಗಿನಲ್ಲಿಯೇ ಬರೆದರೆ, ಬ್ರೌಸರ್ ಮೊದಲೇ ಜಾಗ ಕಾಯ್ದಿರಿಸುವುದರಿಂದ ಚಿತ್ರ ಬಂದಾಗ ಕೆಳಗಿನ ದರಪಟ್ಟಿ ಜಾರುವುದಿಲ್ಲ. ಕೆಳಗಿನ ಚಿತ್ರಗಳಿಗೆ ‘ಲೋಡಿಂಗ್="ಲೇಜಿ"’ ಎಂಬ ಗುಣ ಸಾಕು; ಓದುವವರು ಅಲ್ಲಿಗೆ ಬರುವ ಹೊತ್ತಿಗಷ್ಟೇ ಅವು ಇಳಿಯುತ್ತವೆ. ಆದರೆ ಇದೇ ಗುಣವನ್ನು ಎಲ್ಲ ಚಿತ್ರಗಳಿಗೂ ಕಣ್ಣುಮುಚ್ಚಿ ಅಂಟಿಸುವ ಪ್ಲಗಿನ್‌ಗಳಿವೆ. ಪುಟದ ಮೊದಲ ದೊಡ್ಡ ಚಿತ್ರಕ್ಕೆ ಅದನ್ನು ಹಾಕಿದರೆ ಎಲ್‌ಸಿಪಿ ಹದಗೆಡುತ್ತದೆ. ಆ ಒಂದು ಚಿತ್ರವನ್ನು ಮೊದಲು ತರಿಸಲು ಅದಕ್ಕೆ ‘ಫೆಚ್‌ಪ್ರಯಾರಿಟಿ="ಹೈ"’ ಎಂದು ಬರೆಯಬೇಕು. ಈ ತಪ್ಪನ್ನು ಲೈಟ್‌ಹೌಸ್ ಸ್ಪಷ್ಟವಾಗಿ ಹಿಡಿದುಕೊಡುತ್ತದೆ.

ಸ್ಕ್ರಿಪ್ಟ್‌ಗಳ ಬಗ್ಗೆ ಅದು ಕೊಡುವ ಸಲಹೆಗಳು ಬಲ್ಲವರಿಗೆ ಹೊಸವಲ್ಲ: ಪುಟ ಓದಿ ಮುಗಿದ ಮೇಲೆ ಸ್ಕ್ರಿಪ್ಟ್ ಓಡುವಂತೆ ‘ಡಿಫರ್’ ಹಾಕುವುದು, ಬಳಸದ ಕೋಡನ್ನು ತೆಗೆಯುವುದು, 50 ಮಿಲಿಸೆಕೆಂಡನ್ನು ಮೀರುವ ಕೆಲಸವನ್ನು ತುಂಡು ಮಾಡುವುದು.

ಕನ್ನಡ ಫಾಂಟ್‌ಗಳ ವಿಷಯಕ್ಕೆ ಬಂದಾಗ ಈ ಸಲಕರಣೆಯನ್ನು ಪೂರ್ತಿ ನಂಬುವಂತಿಲ್ಲ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಾಗಿರುವುದು 128 ಸ್ಥಾನಗಳಾದರೂ, ಒತ್ತಕ್ಷರ ಮತ್ತು ಗುಣಿತಾಕ್ಷರಗಳಿಗಾಗಿ ಫಾಂಟಿನೊಳಗೆ ಅದಕ್ಕಿಂತ ಬಹಳ ಹೆಚ್ಚು ಆಕೃತಿಗಳಿರುತ್ತವೆ. ಅದರಿಂದಲೇ ಕಡತ ದಪ್ಪವಾಗುತ್ತದೆ. ವರದಿ ಗಾತ್ರವನ್ನು ತಗ್ಗಿಸುವಂತೆ ಹೇಳಿದಾಗ ಅಕ್ಷರಗಳನ್ನಷ್ಟೇ ಉಳಿಸಿ ಅವುಗಳನ್ನು ಒತ್ತಾಗಿ ಕೂಡಿಸುವ ನಿಯಮಗಳಿರುವ ಜೋಡಣೆಯ ಕೋಷ್ಟಕಗಳನ್ನು ಕತ್ತರಿಸಿಬಿಟ್ಟರೆ, ‘ಕ್ಷ’ ಎಂಬುದು ಒತ್ತನ್ನು ಕಳೆದುಕೊಂಡು ‘ಕ್‌ಷ’ ಎಂದು ಒಡೆದು ಕಾಣುತ್ತದೆ, ಆದರೂ ಅಂಕ ಏರಿರುತ್ತದೆ. ಫಾಂಟನ್ನು ಯಾವ ಅಕ್ಷರಗಳಿಗೆ ಬಳಸಬೇಕೆಂದು ತಿಳಿಸುವ ‘ಯೂನಿಕೋಡ್-ರೇಂಜ್’ ಬರೆಯುವಾಗ ಕನ್ನಡದ ಸ್ಥಾನಗಳ ಜೊತೆಗೆ ಅಕ್ಷರಗಳನ್ನು ಕೂಡಿಸುವ ಮತ್ತು ಬಿಡಿಸುವ ಅದೃಶ್ಯ ಚಿಹ್ನೆಗಳನ್ನೂ ರೂಪಾಯಿ ಚಿಹ್ನೆಯನ್ನೂ ಸೇರಿಸಬೇಕು; ಇಲ್ಲವಾದರೆ ದರದ ಸಾಲಿನಲ್ಲಿ ಆ ಚಿಹ್ನೆ ಬೇರೆ ಫಾಂಟಿನಿಂದ ಬಂದು ಎದ್ದು ಕಾಣುತ್ತದೆ. ‘ಫಾಂಟ್-ಡಿಸ್‌ಪ್ಲೇ: ಸ್ವಾಪ್’ ಎಂಬ ಸಾಲು ಬರಹವನ್ನು ಮೊದಲು ಫೋನಿನ ಫಾಂಟಿನಲ್ಲಿ ಬೇಗ ತೋರಿಸಿ, ಆಮೇಲೆ ಜಾಲತಾಣದಿಂದ ಇಳಿದು ಬಂದ ಫಾಂಟಿಗೆ ಬದಲಿಸುತ್ತದೆ ನಿಜ, ಆದರೆ ಎರಡು ಕನ್ನಡ ಫಾಂಟ್‌ಗಳ ಎತ್ತರ ಬೇರೆಯಾದಾಗ ಸಾಲುಗಳು ಕದಲುವುದನ್ನು ತಡೆಯಲು ಸಾಲಿನ ಎತ್ತರವಾದ ‘ಲೈನ್-ಹೈಟ್’ ಅನ್ನು ಉದಾರವಾಗಿ ನಿಗದಿ ಮಾಡಿ, ಅಕ್ಷರದ ಅಳತೆಯನ್ನು ಸರಿದೂಗಿಸುವ ‘ಸೈಜ್-ಅಡ್ಜಸ್ಟ್’ ಅನ್ನು ಹೊಂದಿಸಬೇಕಾಗುತ್ತದೆ. ಬಹುತೇಕ ಆಂಡ್ರಾಯ್ಡ್ ಫೋನ್‌ಗಳಲ್ಲಿ ಕನ್ನಡದ ನೋಟೋ ಫಾಂಟ್ ಮೊದಲೇ ಇರುವುದರಿಂದ, ಸಾಧಾರಣ ಅಂಗಡಿಯ ಪುಟಕ್ಕೆ ಕನ್ನಡ ವೆಬ್‌ಫಾಂಟನ್ನೇ ಕಳಿಸದಿರುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ವೇಗದ ಉಪಾಯ. ಶೀರ್ಷಿಕೆಗೆ ಮಾತ್ರ ವಿಶೇಷ ಅಕ್ಷರ ಬೇಕೆಂದು ಮಾಲೀಕರು ಹಟ ಹಿಡಿದರೆ, ಅಕ್ಷರದ ಆ ಒಂದು ದಪ್ಪಕ್ಕೆ ಮಾತ್ರ ಡಬ್ಲ್ಯುಒಎಫ್‌ಎಫ್2 ಎಂಬ ಹಗುರ ರೂಪದ ಫಾಂಟ್ ಕಡತವನ್ನು ಕಳಿಸಿದರಾಯಿತು.

ಇನ್ನೊಂದು ಕೊರತೆ ಚಿಕ್ಕ ಜಾಲತಾಣಗಳದ್ದು. ಭೇಟಿಗಳು ಸಾಕಷ್ಟಿಲ್ಲದಿದ್ದರೆ ಮೇಲ್ಭಾಗ ಖಾಲಿಯಾಗಿಯೇ ಉಳಿಯುತ್ತದೆ. ಜಿಲ್ಲೆಯ ಬಹಳಷ್ಟು ಅಂಗಡಿಗಳ ಪುಟಗಳಿಗೆ ಆಗುವುದು ಹೀಗೆಯೇ. ಕೆಳಭಾಗದ ಲೈಟ್‌ಹೌಸ್ ಪರೀಕ್ಷೆಯು ಐಎನ್‌ಪಿಯನ್ನು ಅಳೆಯಲಾರದು, ಏಕೆಂದರೆ ಅಲ್ಲಿ ಬೆರಳು ಒತ್ತುವವರು ಯಾರೂ ಇರುವುದಿಲ್ಲ. ಕ್ರೋಮ್ ತಂಡದ ‘ವೆಬ್-ವೈಟಲ್ಸ್’ ಎಂಬ ಪುಟ್ಟ ಕೋಡ್ ಸಂಗ್ರಹವನ್ನು ಪುಟಕ್ಕೆ ಸೇರಿಸಿ, ಅಳತೆಗಳನ್ನು ಬ್ರೌಸರಿನ ‘ಸೆಂಡ್‌ಬೀಕನ್’ ಎಂಬ ಸೌಲಭ್ಯದ ಮೂಲಕ ನಮ್ಮದೇ ಸರ್ವರಿಗೆ ಕಳಿಸಿಕೊಂಡರೆ ಈ ಕೊರತೆ ನೀಗುತ್ತದೆ.

ಲಾಗಿನ್ ಆದ ಮೇಲಷ್ಟೇ ತೆರೆಯುವ ಸಗಟು ದರಪಟ್ಟಿಯಂಥ ಪುಟಗಳು ಈ ಸೇವೆಗೆ ಎಟುಕುವುದಿಲ್ಲ. ಅವುಗಳಿಗೆ ಕ್ರೋಮ್‌ನಲ್ಲಿ ಜಾಲತಾಣ ಕಟ್ಟುವವರಿಗಾಗಿ ಇರುವ ಡೆವ್‌ಟೂಲ್ಸ್ ಎಂಬ ಸಲಕರಣೆಗಳೊಳಗಿನ ಲೈಟ್‌ಹೌಸನ್ನೇ ಬಳಸಬೇಕು; ಬ್ರೌಸರಿನ ಎಕ್ಸ್‌ಟೆನ್ಶನ್‌ಗಳು ಅಳತೆಯನ್ನು ಕೆಡಿಸುವುದರಿಂದ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಲಾಗಿನ್ ಆಗಿ ಪರೀಕ್ಷೆಯನ್ನು ಓಡಿಸುವುದು ಉತ್ತಮ.