ಮೊದಲು ಯಾರ ಧ್ವನಿಮುದ್ರಣ ಕೇಳಬೇಕು: ಅಲನ್ ಫ್ರೀಡ್ ಅಥವಾ ವುಲ್ಫ್‌ಮನ್ ಜ್ಯಾಕ್?

ರೇಡಿಯೊದಲ್ಲಿ ಹಾಡು ಹಾಕಿ ಮಾತಾಡುತ್ತಿದ್ದ ಅಮೆರಿಕದ ಹಳೆಯ ಡಿಸ್ಕ್ ಜಾಕಿಗಳ ಧ್ವನಿಮುದ್ರಣ ಕೇಳಲು ಹೊರಟವರು ಅಲನ್ ಫ್ರೀಡ್‌ನಿಂದಲೇ ಆರಂಭಿಸಲಿ ಎನ್ನುತ್ತೇನೆ. 1951ರಲ್ಲಿ ಕ್ಲೀವ್‌ಲ್ಯಾಂಡ್‌ನ ಡಬ್ಲ್ಯುಜೆಡಬ್ಲ್ಯು ನಿಲಯದಲ್ಲಿ ಕುಳಿತು, ಕಪ್ಪು ಕಲಾವಿದರ ರಿದಮ್ ಅಂಡ್ ಬ್ಲೂಸ್ ಹಾಡುಗಳನ್ನು ಬಿಳಿಯ ಹುಡುಗರ ಕಿವಿಗೂ ಮುಟ್ಟಿಸಿದವನು ಆತ. ಹಾಡು ಓಡುತ್ತಿರುವಾಗಲೇ ಮೈಕಿನ ಮುಂದೆ ಟೆಲಿಫೋನ್ ಡೈರೆಕ್ಟರಿಯನ್ನು ತಾಳಕ್ಕೆ ತಕ್ಕಂತೆ ಗುದ್ದುತ್ತಿದ್ದ, ಎಂಥ ಉತ್ಸಾಹ! ಹಾಡು ಹಾಕಲು ಹಣ ಪಡೆಯುವ ‘ಪೇಯೋಲಾ’ ಹಗರಣ ಅವನ ವೃತ್ತಿಜೀವನವನ್ನೇ ನುಂಗಿತು, ಆದರೂ ಆ ಕೆಲಸದ ಬೆಲೆ ಕುಗ್ಗದು.

ವುಲ್ಫ್‌ಮನ್ ಜ್ಯಾಕ್ ಮಾತಿನ ಮಲ್ಲ. 1960ರ ದಶಕದಲ್ಲಿ ಮೆಕ್ಸಿಕೋದ ಎಕ್ಸ್‌ಇಆರ್‌ಎಫ್ ನಿಲಯದಿಂದ ಗೊಗ್ಗರು ದನಿಯಲ್ಲಿ ಊಳಿಡುತ್ತಿದ್ದ. ರೇಡಿಯೊ ಪ್ರಸಾರದ ಶಕ್ತಿಗೆ ಅಮೆರಿಕ ಹಾಕಿದ್ದ 50,000 ವಾಟ್ ಮಿತಿ ಗಡಿಯಾಚೆ ಅನ್ವಯಿಸುತ್ತಿರಲಿಲ್ಲ. ಹಾಗಾಗಿ ರಾತ್ರಿಯಾದರೆ ಅವನ ದನಿ ಬಹುದೂರ ಹರಿಯುತ್ತಿತ್ತು. ಇತಿಹಾಸ ಬೇಡ, ರಂಜನೆ ಸಾಕು ಎನ್ನುವವರಿಗೆ ಇವನೇ ಸರಿ.