ಪುಣೆಯ ಬಾಲ್ಕನಿಯಲ್ಲಿ ಎರಡು ಜಾತಿ ಎರೆಹುಳು: ಗೊಬ್ಬರಕ್ಕೆ ಯಾವುದು, ಗಾಳಕ್ಕೆ ಯಾವುದು?

ಕಾತ್ರಜ್‌ನಲ್ಲಿ ನಮ್ಮದು ಎರಡನೇ ಮಹಡಿಯ ಮನೆ. ಬಾಲ್ಕನಿಯಲ್ಲಿ ಒಂದೂವರೆ ವರ್ಷದಿಂದ ಎರಡು ಟಬ್ ಇಟ್ಟಿದ್ದೇನೆ. ಒಂದರಲ್ಲಿ ಕೆಂಪು ಹುಳು, ಅಂದರೆ ಐಸೀನಿಯಾ ಫೆಟಿಡಾ. ಇನ್ನೊಂದರಲ್ಲಿ ಆಫ್ರಿಕಾ ಹುಳು, ಯೂಡ್ರಿಲಸ್ ಯೂಜೀನಿಯೆ. ಎರಡನ್ನೂ ಕಾಲು ಕಾಲು ಕೆಜಿ ತಂದಿದ್ದೆ. ಅಡುಗೆಮನೆಯ ಸಿಪ್ಪೆ ಗೊಬ್ಬರ ಆಗಬೇಕು, ಭಾನುವಾರ ಗಾಳಕ್ಕೆ ಎರೆ ಸಿಗಬೇಕು. ನನಗೆ ಬೇಕಾಗಿದ್ದು ಇಷ್ಟೇ. ಇಲ್ಲಿ 'ಗಾಂಡೂಳ್ ಖತ್' (ಮರಾಠಿಯಲ್ಲಿ ಎರೆಗೊಬ್ಬರ) ಅಂದರೆ ಎಲ್ಲರಿಗೂ ಗೊತ್ತು. ಆದರೆ ನಾನು ಮೊದಲು ಹೋದ ಕಡೆ ಯಾವ ಜಾತಿ ಅಂತ ಕೇಳಿದರೆ ಉತ್ತರವೇ ಸಿಗಲಿಲ್ಲ. ನೀವು ಕೇಳಿಯೇ ತಗೊಳ್ಳಿ, ಅದರಲ್ಲೇ ಎಲ್ಲಾ ಇದೆ.

ಟಬ್ ಎರಡೂ ಒಂದೇ ಥರ. ತಳಕ್ಕೆ ತೂತು, ಅದರ ಮೇಲೆ ತೆಂಗಿನ ನಾರು, ಒಣ ಎಲೆ, ಹದಿನೈದು ದಿನದ ಹಳೇ ಸಗಣಿ. ಹಸಿ ಸಗಣಿ ಕಾವು ಏರಿಸುತ್ತದೆ, ಹುಳು ಸಾಯುತ್ತವೆ. ತರಕಾರಿ ಸಿಪ್ಪೆ, ಚಹಾ ಚರಟ ಹಾಕುತ್ತೇನೆ. ನಿಂಬೆ, ಉಪ್ಪು, ಎಣ್ಣೆ ಹಾಕುವುದಿಲ್ಲ.

ಮೊದಲ ಮೂರು ತಿಂಗಳು ಆಫ್ರಿಕಾ ಹುಳುವೇ ಗೆದ್ದಿತು. ಮಳೆಗಾಲ, ಹಿತವಾದ ಬೆಚ್ಚಗಿನ ಹವೆ. ಬಾಳೆಹಣ್ಣಿನ ಸಿಪ್ಪೆ ಹಾಕಿದರೆ ನಾಲ್ಕೇ ದಿನಕ್ಕೆ ನಾರು ಮಾತ್ರ ಉಳಿಯುತ್ತಿತ್ತು. ಕೆಂಪು ಹುಳುವಿನ ಟಬ್‌ನಲ್ಲಿ ಅದೇ ಸಿಪ್ಪೆಗೆ ವಾರ ಬೇಕಾಯಿತು. ಆಗಲೇ ಬರೆದಿದ್ದರೆ ಆಫ್ರಿಕಾ ಹುಳುವನ್ನೇ ಸಾಕಿ ಅಂತಿದ್ದೆ.

ಡಿಸೆಂಬರ್ ಬಂತು. ಪುಣೆಯ ಚಳಿ ಗೊತ್ತಲ್ವಾ, ಬೆಳಗಿನ ಜಾವ 10 ಡಿಗ್ರಿ ಹತ್ತಿರ ಇಳಿಯುತ್ತದೆ. ಒಂದು ದಿನ ಆಫ್ರಿಕಾ ಹುಳುವಿನ ಟಬ್ಬಿನ ಮುಚ್ಚಳ ತೆಗೆದರೆ ಹಿಂದಿನ ವಾರದ ಸೋರೆಕಾಯಿ ಸಿಪ್ಪೆ ಹಾಗೇ ಇದೆ. ಕೈ ಹಾಕಿ ಸರಿಸಿದೆ. ನಡುವೆ, ನಿಂಬೆಹಣ್ಣಿನ ಗಾತ್ರದ ಒಂದು ಗಂಟು. ಹುಳುಗಳೆಲ್ಲ ಒಂದಕ್ಕೊಂದು ಸುತ್ತಿಕೊಂಡು ಅಲುಗಾಡದೆ ಕೂತಿದ್ದವು. ಹೊಟ್ಟೆ ಚುರ್ ಅಂದಿತು. ಟಬ್ಬನ್ನು ಒಳಗೆ ತಂದು ಗೋಣಿಚೀಲ ಸುತ್ತಿದೆ. ಆದರೂ ಅರ್ಧಕ್ಕರ್ಧ ಹೋದವು. ಬಿಸಿಲ ನಾಡಿನ ಹುಳು ಅದು, ಚಳಿ ತಡೆಯುವುದಿಲ್ಲ. ಕೆಂಪು ಹುಳು ಅದೇ ಬಾಲ್ಕನಿಯಲ್ಲಿ ನಿಧಾನವಾಗಿ ತಿನ್ನುತ್ತಲೇ ಇತ್ತು, ಒಂದೂ ಸತ್ತಿದ್ದು ಕಾಣಲಿಲ್ಲ.

ಮೇ ತಿಂಗಳಲ್ಲಿ ಎರಡಕ್ಕೂ ಕಷ್ಟ. ಮಧ್ಯಾಹ್ನ 38 ಡಿಗ್ರಿ ದಾಟಿದ ದಿನಗಳಲ್ಲಿ ಒದ್ದೆ ಗೋಣಿಚೀಲ ಹೊದಿಸಿ, ದಿನಕ್ಕೆ ಎರಡು ಸಲ ನೀರು ಚಿಮುಕಿಸಿದೆ. ಎರಡೂ ಉಳಿದವು.

ಇನ್ನು ಗಾಳದ ವಿಷಯ. ನಮ್ಮೂರು ಇಂಡಿ ಕಡೆ. ಚಿಕ್ಕವನಿದ್ದಾಗ ಭೀಮಾ ನದಿಯಲ್ಲಿ ಗಾಳ ಹಾಕಿದವನು ನಾನು. ಇಲ್ಲಿಂದ ಅದೇ ಭೀಮೆಯ ಉಜನಿ ಅಣೆಕಟ್ಟಿನ ಹಿನ್ನೀರಿಗೆ ಹೋಗುತ್ತೇನೆ. ಅಲ್ಲಿ ಜಿಲೇಬಿ ಮೀನು ಜಾಸ್ತಿ. ಊರಿಂದ ಬಂದ ಕಾಕಾನನ್ನೂ ಒಮ್ಮೆ ಕರೆದುಕೊಂಡು ಹೋಗಿದ್ದೆ. ಡಬ್ಬಿ ತೆಗೆದು ಆಫ್ರಿಕಾ ಹುಳು ತೋರಿಸಿದೆ.

"ಏನೋ ಇದು, ಹಾವಿನ ಮರಿ ಇದ್ದಂಗ ಐತಲ್ಲೋ!" ಅಂದ.

ಗೇಣುದ್ದ, ದಪ್ಪ. ಒಂದನ್ನು ಮೂರು ತುಂಡು ಮಾಡಿದರೆ ಮೂರು ಸಲ ಗಾಳ ಹಾಕಬಹುದು. ನೀರಲ್ಲಿ ಚೆನ್ನಾಗಿ ಹೊರಳಾಡುತ್ತದೆ. ಆ ದಿನ ಕಾಕಾನ ಗಾಳಕ್ಕೆ ಆರು ಮೀನು ಬಿದ್ದವು. ನಾನು ಹಟಕ್ಕೆ ಕೆಂಪು ಹುಳುವನ್ನೇ ಹಾಕಿದ್ದೆ, ಎರಡು ಸಿಕ್ಕವು. ಕೆಂಪು ಹುಳು ಬೆರಳುದ್ದ, ತೆಳು. ಕೊಕ್ಕೆ ಚುಚ್ಚಿದ ಕೂಡಲೇ ಹಳದಿ ರಸ ಬಿಡುತ್ತದೆ, ಅದರ ವಾಸನೆ ಬೇಗ ಹೋಗುವುದಿಲ್ಲ. ಫೆಟಿಡಾ ಅಂದರೆ ಲ್ಯಾಟಿನ್‌ನಲ್ಲಿ ನಾರುವುದು ಅಂತಲೇ ಅರ್ಥ.

ಆದರೆ ಪ್ರಯಾಣದಲ್ಲಿ ಆಫ್ರಿಕಾ ಹುಳು ತುಂಬಾ ಸೂಕ್ಷ್ಮ. ಎರಡು ಗಂಟೆ ಬಸ್ಸಿನ ಕುಲುಕಾಟ, ಬಿಸಿಲು, ಮುಚ್ಚಿದ ಡಬ್ಬಿ ಇಷ್ಟಾದರೆ ಸಾಕು, ಕರಗಿದಂತೆ ಆಗಿಬಿಡುತ್ತದೆ. ಈಗ ತೂತಿರುವ ಡಬ್ಬಿಯಲ್ಲಿ ಒದ್ದೆ ನಾರು ಹಾಕಿ, ಬಟ್ಟೆ ಸುತ್ತಿ ಒಯ್ಯುತ್ತೇನೆ. ಅಂದಹಾಗೆ, ಗೋವಾದ ಸಮುದ್ರದಲ್ಲಿ ಗಾಳ ಹಾಕುವವರು ಎರಡನ್ನೂ ನೆಚ್ಚಬೇಡಿ. ಉಪ್ಪು ನೀರಿಗೆ ಎರೆಹುಳು ಬೇಗ ಸಾಯುತ್ತದೆ, ಅಲ್ಲಿಗೆ ಸೀಗಡಿಯೇ ಸರಿ.

ಒಂದೇ ಟಬ್ಬಿಗೆ ಜಾಗ ಇದ್ದರೆ ಕೆಂಪು ಹುಳು ಸಾಕಿ. ಒಮ್ಮೆ ನಾವು ಊರಿಗೆ ಹೋಗಿ ಹತ್ತು ದಿನ ನೀರು ಹಾಕದಿದ್ದರೂ ಅದು ಬದುಕಿತ್ತು. ಎರಡೂವರೆ ತಿಂಗಳಿಗೊಮ್ಮೆ ಗೊಬ್ಬರ ಕೊಡುತ್ತದೆ. ತೆಗೆಯುವಾಗ ಬಲ್ಬ್ ಕೆಳಗೆ ರಾಶಿ ಮಾಡಿ, ಬೆಳಕಿಗೆ ಹೆದರಿ ಹುಳು ಕೆಳಗಿಳಿಯುತ್ತವೆ. ಮೇಲಿನ ಗೊಬ್ಬರವನ್ನು ಸ್ವಲ್ಪ ಸ್ವಲ್ಪವೇ ಕೆರೆದುಕೊಳ್ಳಿ. ನಮ್ಮ ಕರಿಬೇವಿನ ಗಿಡ ಅದನ್ನೇ ತಿಂದು ಸೊಂಟದೆತ್ತರ ಬೆಳೆದಿದೆ. ಗಾಳದ ಹುಚ್ಚಿದ್ದರೆ ಮಾತ್ರ ಆಫ್ರಿಕಾ ಹುಳುವಿಗೆ ಪುಟ್ಟದೊಂದು ಟಬ್ ಇಡಿ, ನವೆಂಬರ್ ಮುಗಿಯುವ ಮುಂಚೆ ಒಳಗೆ ತನ್ನಿ.

ಒಂದು ಮಾತು. ಎರಡೂ ಹೊರದೇಶದ ಹುಳು. ಉಳಿದಿದ್ದನ್ನು ದಡದ ಮಣ್ಣಿಗೆ ಸುರಿಯಬೇಡಿ, ಅಲ್ಲಿ ನಮ್ಮ ನೆಲದ ಹುಳುಗಳಿವೆ. ನಾನು ಎಣಿಸಿ ಒಯ್ಯುತ್ತೇನೆ, ಮಿಕ್ಕಿದ್ದನ್ನು ಡಬ್ಬಿಯಲ್ಲೇ ವಾಪಸ್ ತಂದು ರಾತ್ರಿಯೇ ಟಬ್ಬಿಗೆ ಬಿಡುತ್ತೇನೆ.