ಸ್ಟೆಪ್ನಿ ಬಾಗಿಲಿಗೋ, ಬಂಪರಿನ ಕೈಗೋ: ಹಳೇ ಥಾರ್‌ನಲ್ಲಿ ಬಳಸಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ. ಕಂಪನಿ ಕೊಟ್ಟದ್ದಕ್ಕಿಂತ ದೊಡ್ಡ ಟಯರ್ ಹಾಕಿದವರು ಸ್ಟೆಪ್ನಿಯನ್ನು ಹಿಂದಿನ ಬಾಗಿಲಿನಿಂದ ಇಳಿಸಿ, ಬಂಪರಿಗೆ ಕೂರಿಸಿದ, ಬಾಗಿಲಿನಂತೆ ಹೊರಕ್ಕೆ ತಿರುಗುವ ಪ್ರತ್ಯೇಕ ಕಬ್ಬಿಣದ ಕೈಗೆ ಹಾಕಬೇಕು. ಆ ಕೈ ತಿರುಗುವ ಜಾಗದಲ್ಲಿ ಬುಷ್ (ಶಾಫ್ಟ್ ಉಜ್ಜಿಕೊಂಡು ತಿರುಗುವ ಬರೀ ಕೊಳವೆ) ಬೇಡ, ಬೇರಿಂಗ್ ಇರಲಿ. ದುಡ್ಡೂ ಹೆಚ್ಚು ಬೇಕು, ಕೆಲಸವೂ ಹೆಚ್ಚು. ಆದರೂ ನನ್ನ ಓಟು ಅದಕ್ಕೇ.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯಲ್ಲಿ ಮುಳ್ಳೇರಿಯದಿಂದ ಒಳಗೆ, ಬಂದಡ್ಕ ಕಡೆಯ ಗುಡ್ಡದ ತೋಟ. ಡಾಮರು ಮುಗಿದ ಮೇಲೆ ಮುರಕಲ್ಲಿನ ಏರು, ಆಮೇಲೆ ಒಂದು ತೋಡು, ಅದರಾಚೆ ಬರೀ ಜೀಪು ಹೋಗುವ ದಾರಿ. ಗಾಡಿ 2020ಕ್ಕಿಂತ ಹಿಂದಿನ ಥಾರ್. ಮೂಲ ಟಯರ್ 235/70 ಆರ್16. ಮಳೆಗಾಲದಲ್ಲಿ ಅದು ಏರಿನಲ್ಲಿ ಜಾರುತ್ತಿತ್ತು, ಹಾಗಾಗಿ 245/75 ಆರ್16 ಅಳತೆಯ ಮಡ್ ಟಯರ್ ಹಾಕಿಸಿದೆ. ಎತ್ತರದಲ್ಲಿ ಸುಮಾರು 4 ಸೆಂಟಿಮೀಟರ್ ವ್ಯತ್ಯಾಸ, ಅಷ್ಟೆ. ಆದರೆ ಅಡಿಕೆ ತೂಗುವ ತಕ್ಕಡಿಯಲ್ಲಿ ರಿಮ್ಮು ಸಮೇತ ಇಟ್ಟು ನೋಡಿದರೆ ಹಳೆಯದು 27 ಕಿಲೋ, ಹೊಸದು 34. ಈ ಏಳು ಕಿಲೋದಿಂದಲೇ ಮುಂದಿನ ಕತೆಯೆಲ್ಲ.

ಸ್ಟೆಪ್ನಿ ಒಂದನ್ನು ಮಾತ್ರ ಹಳೇ ಅಳತೆಯದ್ದೇ ಇಟ್ಟುಕೊಳ್ಳಬಹುದಲ್ಲ ಎಂದು ಕೇಳುವವರಿದ್ದಾರೆ. ಫೋರ್ ವ್ಹೀಲ್ ಹಾಕಿ ಗಟ್ಟಿ ನೆಲದಲ್ಲಿ ಓಡಿಸುವಾಗ ನಾಲ್ಕು ಚಕ್ರದ ಸುತ್ತಳತೆ ಒಂದೇ ಇರದಿದ್ದರೆ ಗೇರು, ಶಾಫ್ಟುಗಳ ಮೇಲೆ ಸುಮ್ಮನೆ ಎಳೆತ ಬೀಳುತ್ತದೆ. ನನಗೆ ಅದು ಬೇಡ.

ಮೊದಲು ಮಾಡಿಸಿದ್ದು ಅಗ್ಗದ ದಾರಿ. ಬಾಗಿಲಿನ ಒಳಮೈಗೆ 4 ಮಿಲಿಮೀಟರ್ ದಪ್ಪದ ತಗಡು ಕೊಟ್ಟು, ಸ್ಟೆಪ್ನಿಯ ಬೋಲ್ಟುಗಳನ್ನು ಅದರ ಮೂಲಕ ಹಾಯಿಸುವುದು. ಮೂರೂವರೆ ಸಾವಿರಕ್ಕೆ ಮುಗಿಯಿತು. ನೋಡಲು ಏನೂ ಬದಲಾಗಿಲ್ಲ, ಬಾಗಿಲು ಒಂದೇ ಸಲಕ್ಕೆ ತೆರೆಯುತ್ತದೆ, ನಂಬರ್ ಪ್ಲೇಟು, ದೀಪ ಎಲ್ಲ ಇದ್ದಲ್ಲೇ. ಮೂಲ ಅಳತೆಯ ಟಯರ್ ಇಟ್ಟುಕೊಂಡವರಿಗೆ ಇದಕ್ಕಿಂತ ಹೆಚ್ಚಿನದು ಬೇಕಾಗಿಯೇ ಇಲ್ಲ. ನನ್ನ ಗಾಡಿಯಲ್ಲಿ ಬೋಲ್ಟಿನ ಸುತ್ತ ತಗಡು ಗಟ್ಟಿ ನಿಂತಿತು, ಆದರೆ ಹೊರೆ ಹಿಂಜಿಗೆ ಹೋಯಿತು. ಬಾಗಿಲು ಮುಚ್ಚಲು ಕೈಯಿಂದ ಮೇಲೆತ್ತಿ ದೂಡಬೇಕಾಯಿತು. ಒಂದು ದಿನ ತೊಳೆಯುವಾಗ ಹಿಂಜು ಕೂತಿರುವ ಕಂಬದ ಬಣ್ಣದಲ್ಲಿ ಕೂದಲೆಳೆಯಂಥ ಬಿರುಕು ಕಾಣಿಸಿತು. ಉಗುರಿನಿಂದ ಕೆರೆದರೆ ಬಿರುಕು ಬಣ್ಣದಲ್ಲಿ ಮಾತ್ರ ಅಲ್ಲ, ತಗಡಿನಲ್ಲೇ ಇತ್ತು. ಬಾಗಿಲು ಬಿಟ್ಟೆ.

ಮೇಲೆ ಕ್ಯಾರಿಯರ್ ಹಾಕಿ ಅಲ್ಲಿ ಇಡುವುದು: 34 ಕಿಲೋವನ್ನು ಒಬ್ಬನೇ ತಲೆಯ ಮೇಲೆ ಎತ್ತಬೇಕು, ತೋಟದ ದಾರಿಯಲ್ಲಿ ಗೆಲ್ಲು ತಾಗುತ್ತದೆ, ಅಡ್ಡ ಇಳಿಜಾರಿನಲ್ಲಿ ಗಾಡಿ ವಾಲುವುದು ಹೊಟ್ಟೆಗೇ ಗೊತ್ತಾಗುತ್ತದೆ. ಒಳಗೆ ಮಲಗಿಸುವುದು: ಅಡಿಕೆ ಗೋಣಿಗೆ ಜಾಗವಿಲ್ಲ. ಎರಡೂ ಆಗಲಿಲ್ಲ.

ಉಳಿದದ್ದು ಬಂಪರಿನ ಕೈ. ಇದರಲ್ಲಿ ಎರಡು ಜಾತಿ. ನಮ್ಮ ಭಾವನ ಜೀಪಿನಲ್ಲಿ ಬುಷ್ ಇರುವುದು ಇತ್ತು, ಸುಮಾರು ಹದಿನಾಲ್ಕು ಸಾವಿರದ್ದು. ಅದನ್ನು ಒಂದು ಬೇಸಿಗೆ ಪೂರ್ತಿ ನಾನೇ ಓಡಿಸಿ ನೋಡಿದ್ದೇನೆ. ನನ್ನ ಗಾಡಿಗೆ ಮಾಡಿಸಿದ್ದು ಬೇರಿಂಗಿನದ್ದು. ಲೇತಿನ ಕೆಲಸ, ಕಬ್ಬಿಣ, ಬಣ್ಣ ಎಲ್ಲ ಸೇರಿ ಇಪ್ಪತ್ತಾರು ಸಾವಿರ.

ಬುಷ್ ಯಾಕೆ ಸೋಲುತ್ತದೆ ಎನ್ನುವುದಕ್ಕೆ ಸಣ್ಣ ಲೆಕ್ಕ ಸಾಕು. ಚಕ್ರದ ನಡು ಹಿಂಜಿನಿಂದ 60 ಸೆಂಟಿಮೀಟರ್ ದೂರ. ಮೇಲಿನ ಬುಷ್ಷಿಗೂ ಕೆಳಗಿನದಕ್ಕೂ ನಡುವೆ 20 ಸೆಂಟಿಮೀಟರ್. ಕೈ ತೆರೆದು ನಿಂತಾಗ ಪ್ರತಿ ಬುಷ್ಷಿನ ಮೇಲೆ ಅಡ್ಡಕ್ಕೆ ಬೀಳುವ ಎಳೆತ 34 ಗುಣಿಸು 60, ಭಾಗಿಸು 20. ಅಂದರೆ 102 ಕಿಲೋ. ಅದೂ ಗಾಡಿ ಸುಮ್ಮನೆ ನಿಂತಿರುವಾಗ, ಕೈಯ ಸ್ವಂತ ಭಾರ ಬಿಟ್ಟು. ಈ ಎಳೆತಕ್ಕೆ ಮೇಲಿನ ಬುಷ್ಷು ಒಂದು ಬದಿಗೆ, ಕೆಳಗಿನದು ಎದುರು ಬದಿಗೆ ಸವೆಯುತ್ತದೆ. ಅಲ್ಲಿ ಅರ್ಧ ಮಿಲಿಮೀಟರ್ ಆಟ, ಅಂದರೆ ಸಡಿಲ, ಬಂದರೆ ಕೈಯ ತುದಿಯಲ್ಲಿ ಅದು ಮೂರ್ನಾಲ್ಕು ಪಟ್ಟು. ಭಾವನ ಜೀಪಿನಲ್ಲಿ ಆದದ್ದು ಇದೇ. ಮುರಕಲ್ಲಿನ ಕೆಂಪು ಹುಡಿ ಗ್ರೀಸಿನೊಂದಿಗೆ ಸೇರಿ ಅರೆಯುವ ಪುಡಿಯೇ ಆಗಿಬಿಟ್ಟಿತ್ತು.

ಬೇರಿಂಗಿನ ಕೈಯಲ್ಲಿ ಹೊರೆ ಕಡಿಮೆ ಎಂದೇನಿಲ್ಲ. ನನ್ನದರಲ್ಲಿ ಎರಡು ಬೇರಿಂಗಿನ ನಡುವೆ 12 ಸೆಂಟಿಮೀಟರ್ ಮಾತ್ರ, ಹಾಗಾಗಿ ಲೆಕ್ಕದಲ್ಲಿ ಎಳೆತ ಇನ್ನೂ ಜಾಸ್ತಿ, 170 ಕಿಲೋ. ಆದರೆ ಟೇಪರ್ ರೋಲರ್ ಬೇರಿಂಗನ್ನು (ಒಳಗಿನ ಉರುಳೆಗಳು ಓರೆಯಾಗಿ ಕೂತಿರುವುದು) ಎದುರುಬದುರು ಕೂರಿಸಿ ಮೇಲಿನ ನಟ್ಟನ್ನು ಬಿಗಿ ಮಾಡಿದರೆ ಆಟವೇ ಇರುವುದಿಲ್ಲ, ಮುಂದೆ ಬಂದರೆ ಮತ್ತೆ ಬಿಗಿ ಮಾಡಬಹುದು. ಬುಷ್ಷಿನಲ್ಲಿ ಆ ಅವಕಾಶ ಇಲ್ಲ, ಕಳಚಿ ಹೊಸದು ಹಾಕಬೇಕು. ನಾನು ಹಾಕಿಸಿದ್ದು 30206 ನಂಬರಿನ ಬೇರಿಂಗ್, ಒಳವ್ಯಾಸ 30 ಮಿಲಿಮೀಟರ್. ಶಾಫ್ಟ್ ಇಎನ್8 ಉಕ್ಕಿನದು, ಪುತ್ತೂರಿನ ಲೇತಿನಲ್ಲಿ ತಿರುಗಿಸಿದ್ದು. ಕೆಳಗೆ ಗ್ರೀಸ್ ಸೀಲು, ಮೇಲೆ ಮುಚ್ಚಳ, ನಟ್ಟಿಗೆ ಸ್ಪ್ಲಿಟ್ ಪಿನ್ನು.

ಇಲ್ಲಿ ವೆಲ್ಡರ್ ಹತ್ತಿರ ಗಟ್ಟಿಯಾಗಿ ಹೇಳಲೇಬೇಕಾದ ಒಂದು ಮಾತಿದೆ. ಶಾಫ್ಟನ್ನು ಬಂಪರಿನ ಮೇಲ್ಮೈಗೆ ಮಾತ್ರ ವೆಲ್ಡ್ ಮಾಡಲು ಬಿಡಬೇಡಿ. ಬಂಪರಿನ ಪೈಪಿಗೆ ಮೇಲೂ ಕೆಳಗೂ ತೂತು ಹೊಡೆದು, ಶಾಫ್ಟನ್ನು ಪೂರ್ತಿ ದಾಟಿಸಿ, ಎರಡೂ ಕಡೆ ಸುತ್ತ ವೆಲ್ಡ್ ಆಗಬೇಕು. ನಮ್ಮ ಹುಡುಗ "ಅಣ್ಣ, ಮೇಲೆ ಒಂದು ಸುತ್ತು ಕೊಟ್ಟರೆ ಆನೆ ಎಳೆದರೂ ಬರ್ಲಿಕ್ಕಿಲ್ಲ" ಅಂದ. "ಆನೆ ಒಂದು ಸಲ ಎಳೀತದೆ ಮಾರಾಯ, ಈ ರಸ್ತೆ ದಿನಾ ಎಳೀತದೆ" ಅಂದೆ. ತೂತು ಹೊಡೆದ.

ಇನ್ನು ನನ್ನನ್ನು ಅತಿ ಹೆಚ್ಚು ಕಾಡಿದ ವಿಷಯ: ಶಬ್ದ.

ಕೈ ಮುಚ್ಚಿದಾಗ ಅದರ ತುದಿ ಬಂಪರಿನ ಇನ್ನೊಂದು ಬದಿಯ ತಾಂಗಿನ (ಅಡಿಯಿಂದ ಹೊರುವ ಆಧಾರದ) ಮೇಲೆ ಕೂರಬೇಕು. ಓಡುವಾಗ ಭಾರವನ್ನು ಬೇರಿಂಗೊಂದೇ ಹೊರಬಾರದು, ಅರ್ಧ ಈ ತಾಂಗಿಗೆ ಇಳಿಯಬೇಕು. ಶುರುವಿಗೆ ಮಾಡಿದ್ದು ಚಪ್ಪಟೆ ತಾಂಗು, ಮೇಲೊಂದು ರಬ್ಬರ್ ತುಂಡು, ಬದಿಯಲ್ಲಿ ಎಳೆದು ಬಿಗಿಯುವ ಟಾಗಲ್ ಕ್ಲಾಂಪು. ಅಂಗಡಿಯಿಂದ ಮನೆವರೆಗೆ ಸದ್ದೇ ಇಲ್ಲ. ವಾರ ಕಳೆಯುವುದರೊಳಗೆ ಚೆರ್ಕಳ–ಜಾಲ್ಸೂರು ರಸ್ತೆಯ ಪ್ರತಿ ಹಂಪಿನಲ್ಲೂ ಬೆನ್ನ ಹಿಂದೆ ಟಕ್. ತೋಟದ ದಾರಿಯಲ್ಲಂತೂ ಟಕಟಕ ಒಂದೇ ಸಮ. ಕ್ಲಾಂಪನ್ನು ಬಿಗಿ ಮಾಡಿದೆ, ಎರಡು ದಿನ ಸುಮ್ಮನಾಯಿತು. ದಪ್ಪ ರಬ್ಬರ್ ಹಾಕಿದೆ, ಆಗ ಕ್ಲಾಂಪು ಮುಚ್ಚಲು ಮೊಣಕಾಲು ಒತ್ತಬೇಕಾಯಿತು, ಆಮೇಲೆ ರಬ್ಬರ್ ಅದುಮಿ ಮತ್ತೆ ಅದೇ ಶಬ್ದ.

ಮೊಬೈಲಿನ ಬೆಳಕು ಹಿಡಿದು ತಾಂಗಿನ ಹತ್ತಿರ ಕೂತು ನೋಡಿದಾಗ ಕಾರಣ ಕಾಣಿಸಿತು. ಕೈ ಮುಚ್ಚುವಾಗ ಅದರ ಅಂಚು ರಬ್ಬರನ್ನು ಉಜ್ಜಿಕೊಂಡೇ ಒಳಗೆ ಬರುತ್ತಿತ್ತು. ಎದುರಿನ ಅಂಚು ಹರಿದು ಎಳೆಎಳೆಯಾಗಿತ್ತು, ಹಿಂದೆ ಸಣ್ಣ ಕಲ್ಲುಹುಡಿ ಹೂತು ಕೂತಿತ್ತು. ಕೈಗೂ ರಬ್ಬರಿಗೂ ನಡುವೆ ಎರಡು ಮಿಲಿಮೀಟರ್ ಸಂದು. ಕ್ಲಾಂಪು ಕೈಯನ್ನು ಗಾಡಿಯ ಕಡೆಗೆ ಎಳೆಯುತ್ತದೆ ನಿಜ, ಕೆಳಗೆ ಒತ್ತುವುದಿಲ್ಲ. ಅಷ್ಟು ಎತ್ತರ ಕೈ ಎದ್ದು ಬೀಳುವುದಕ್ಕೆ ತಡೆ ಏನೂ ಇರಲಿಲ್ಲ. ಆ ಬಡಿತವೆಲ್ಲ ಕೊನೆಗೆ ಶಾಫ್ಟಿನ ವೆಲ್ಡಿಗೇ ಹೋಗುವುದು, ಆದ್ದರಿಂದ ಶಬ್ದ ತಾನೇ ಎಂದು ಬಿಡುವ ಹಾಗಿರಲಿಲ್ಲ.

ಪರಿಹಾರ ಸಿಕ್ಕಿದ್ದು ತಾಂಗಿಗೆ ಇಳಿಜಾರು ಕೊಟ್ಟಾಗ. ಕೈಯ ಅಡಿಗೆ ಬೆಣೆಯಂತೆ ಕೊಯ್ದ ಕಬ್ಬಿಣ, ತಾಂಗಿನ ಮೇಲೆ ಅದಕ್ಕೆ ಸರಿಹೊಂದುವ ಇಳಿಜಾರಿನ ನೈಲಾನ್ ತುಂಡು. ಕೈ ಮುಚ್ಚುವ ಕೊನೆಯ ಒಂದು ಸೆಂಟಿಮೀಟರಿನಲ್ಲಿ ಬೆಣೆ ನೈಲಾನಿನ ಮೇಲೆ ಹತ್ತಿ ಕೂರುತ್ತದೆ, ಇಡೀ ಕೈ ಸ್ವಲ್ಪ ಮೇಲೇಳುತ್ತದೆ. ಮೇಲಿನಿಂದ ಒಂದು ಕೊಕ್ಕೆ ತಗಡು ಅದನ್ನು ಏಳದಂತೆ ಹಿಡಿಯುತ್ತದೆ. ಈಗ ಕ್ಲಾಂಪು ಎಳೆದಷ್ಟೂ ಬೆಣೆ ಬಿಗಿಯಾಗುತ್ತದೆ, ನೈಲಾನ್ ಸವೆದರೂ ಕೈ ಇನ್ನಷ್ಟು ಒಳಗೆ ಬಂದು ಸಂದು ತಾನೇ ಮುಚ್ಚುತ್ತದೆ. ಕ್ಲಾಂಪಿನ ಕೊಕ್ಕೆ ಬೋಲ್ಟಿನಲ್ಲಿ ಉದ್ದ ಹೊಂದಿಸುವ ನಟ್ಟು, ಅದಕ್ಕೊಂದು ಲಾಕ್ ನಟ್ಟು ಇರಲೇಬೇಕು. ನೈಲಾನ್ ತುಂಡನ್ನು ಅಂಟಿಸದೆ ಎರಡು ಬೋಲ್ಟಿನಲ್ಲಿ ಹಿಡಿಸಿ, ಬೋಲ್ಟಿನ ತಲೆ ಒಳಗೆ ಮುಳುಗಿರಲಿ. ಕ್ಲಾಂಪಿನ ಹಿಡಿಕೆಗೆ ಒಂದು ಪಿನ್ನು ಅಥವಾ ಬೀಗ ಹಾಕಿ. ಕುಲುಕಾಟಕ್ಕೆ ಹಿಡಿಕೆ ಬಿಚ್ಚಿಕೊಂಡರೆ ಹಿಂದೆ ಬರುವ ಬೈಕಿನವನ ಗತಿ ಏನು? ಇದಾದ ಮೇಲೆ ಪಾಣತ್ತೂರಿನಿಂದ ಕರಿಕೆಗಾಗಿ ಭಾಗಮಂಡಲಕ್ಕೆ ಹೋಗಿ ಬಂದೆ, ಹಿಂದಿನಿಂದ ಒಂದು ಸದ್ದಿಲ್ಲ.

ತೆರೆದ ಕೈಗೂ ಒಂದು ಪಿನ್ನು ಬೇಕು. ನಮ್ಮ ಅಂಗಳ ಇಳಿಜಾರು, ಗೋಣಿ ಎತ್ತುವಾಗ ಕೈ ತಾನಾಗಿ ಬೀಸಿಕೊಂಡು ಬಂದು ಸೊಂಟಕ್ಕೆ ಬಡಿಯುತ್ತದೆ.

ತುಕ್ಕು: ಇಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಪೈಪಿನ ಅಡಿಗೆ ನೀರು ಇಳಿಯಲು ತೂತು, ಮೈಗೆ ಜಿಂಕ್ ಪ್ರೈಮರ್. ಹಿಂದಿನ ಕಮಾನು ಪಟ್ಟಿ ತುಸು ಕೂತಿದೆ, ಬಂಪರಿನ ಭಾರಕ್ಕೆ ಅದು ಸಹಜ.

ಕಾನೂನಿನ ಮಾತು ಬಿಡುವಂತಿಲ್ಲ. ಕೇರಳದಿಂದಲೇ ಹೋದ ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿಯ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಾಯಿಸುವಂತಿಲ್ಲ ಎಂದು ಹೇಳಿದೆ. ಆದ್ದರಿಂದ ಕಬ್ಬಿಣ ಕೊಯ್ಯುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ನಾನು ಚಾಸಿಗೆ ಒಂದು ಚುಕ್ಕೆ ವೆಲ್ಡನ್ನೂ ಹಾಕಿಸಿಲ್ಲ. ಕಂಪನಿಯ ಬಂಪರ್ ಕೂತಿದ್ದ ತೂತುಗಳಿಗೇ ಬೋಲ್ಟು, ಹಳೇ ಬಂಪರ್ ಅಟ್ಟದಲ್ಲಿದೆ. ನಂಬರ್ ಪ್ಲೇಟು, ಬ್ರೇಕ್ ದೀಪ, ಇಂಡಿಕೇಟರ್ ಯಾವುದಕ್ಕೂ ಚಕ್ರ ಮರೆಯಾಗದಂತೆ ಅಳತೆ ಹಿಡಿದೇ ಕೈಯ ಎತ್ತರ ನಿಶ್ಚಯಿಸಿದ್ದು.

ದಿನಕ್ಕೆ ಹತ್ತು ಸಲ ಹಿಂದಿನ ಬಾಗಿಲು ತೆರೆಯುವವರಿಗೆ ಬಂಪರಿನ ಕೈ ಕಿರಿಕಿರಿಯೇ: ಮೊದಲು ಪಿನ್ನು, ಕ್ಲಾಂಪು, ಕೈ, ಆಮೇಲೆ ಬಾಗಿಲು. ನಾನು ತೋಟಕ್ಕೆ ಹೋಗಿ ಒಮ್ಮೆ ತುಂಬಿಸಿ ಒಮ್ಮೆ ಇಳಿಸುವವನು, ನನಗೆ ನಡೆಯುತ್ತದೆ. ಇಪ್ಪತ್ತಾರು ಸಾವಿರ ಕೂಡದಿದ್ದರೆ ಹದಿನಾಲ್ಕು ಸಾವಿರದ ಬುಷ್ಷಿಗೆ ಹೋಗುವ ಬದಲು ಮೂಲ ಅಳತೆಯ ಟಯರಿಗೇ ಮರಳಿ ಬಾಗಿಲಿಗೆ ತಗಡು ಕೊಡಿಸಿ ಎಂದೇ ನಾನು ಹೇಳುವುದು. ನಡುವಿನದು ದುಡ್ಡೂ ತಿನ್ನುತ್ತದೆ, ನೆಮ್ಮದಿಯನ್ನೂ ಕೊಡುವುದಿಲ್ಲ.

ಭಾವ ಈಗ ತನ್ನದಕ್ಕೂ ಬೇರಿಂಗ್ ಹಾಕಿಸಲು ಹೊರಟಿದ್ದಾನೆ. ಕೈಯ ಮೇಲೆಯೇ 20 ಲೀಟರಿನ ಡೀಸೆಲ್ ಕ್ಯಾನಿಗೂ ಒಂದು ಗೂಡು ಮಾಡಿಸುವ ಆಸೆ ಅವನಿಗೆ. ಡೀಸೆಲೇ 17 ಕಿಲೋ ಆಗುತ್ತದೆ, ಕ್ಯಾನಿನದ್ದು ಬೇರೆ. ಕ್ಯಾನು ಒಳಗೇ ಇರಲಿ ಭಾವ ಎಂದಿದ್ದೇನೆ.